ಅರ್ಧ ತೋಳು

"ತೋಳು ಇಡೋದಾ, ಬೇಡ್ವಾ?"
ಟೇಪು ಕೊರಳಿಗೆ ಹಾಕಿಕೊಂಡು ಕೇಳುತ್ತಾರೆ ಮಸ್ತಾನ್ ಸಾಬರು,
ಚೇಳೂರು ರಸ್ತೆಯ ತಮ್ಮ ಗೂಡಂಗಡಿಯಲ್ಲಿ.
ಮೂವತ್ತು ವರ್ಷ ರವಿಕೆ ಹೊಲಿದ ಬೆರಳು
ಹಾವಿನ ಪೊರೆಯಂಥ ಈ ಬಟ್ಟೆಯನ್ನು ಎಳೆದು ಬಿಡುತ್ತದೆ,
ಅದು ಚಟ್ಟನೆ ವಾಪಸಾಗುತ್ತದೆ.
"ಇದಕ್ಕೆ ನನ್ನ ಸೂಜಿ ಆಗಲ್ಲಮ್ಮ, ಬೇರೆ ತರಿಸ್ಬೇಕು."

ತೋಳು ಅಂದರೆ ನನ್ನದೋ ಬಟ್ಟೆಯದೋ
ನಮ್ಮ ಮಾತಿನಲ್ಲಿ ತಿಳಿಯುವುದಿಲ್ಲ.

ಮೂರೂಮುಕ್ಕಾಲು ಕಿಲೋಮೀಟರು ಈಜು,
ನೂರೆಂಬತ್ತು ಸೈಕಲ್ಲು,
ಆಮೇಲೂ ಕಾಲು ಉಳಿದಿದ್ದರೆ ನಲವತ್ತೆರಡು ಓಟ.
ನಡುವೆ ಸೀರೆ ಬದಲಿಸುವ ಮದುವೆಯಲ್ಲ ಇದು.
ನಸುಕಿನ ನೀರಿಗೂ ಇಳಿಹೊತ್ತಿನ ಉಪ್ಪಿಗೂ
ಒಂದೇ ಉಡುಪು.

ಹಳೆಯದಕ್ಕೆ ತೋಳಿರಲಿಲ್ಲ.
ಕೈವಾರದ ದಾರಿಯಲ್ಲಿ ಹನ್ನೊಂದರ ಬಿಸಿಲು
ಭುಜದ ಮೇಲೆ ರೂಪಾಯಿಯಗಲ ಬೊಬ್ಬೆ ಬರೆಯಿತು.
ಮೂರು ರಾತ್ರಿ ಬೋರಲು ಮಲಗಿದೆ.
ಹಾಲಿನಂಗಡಿಯ ಕಟ್ಟೆಯಲ್ಲಿ ಬೇರೆಯದೇ ಬೊಬ್ಬೆ:
ಇಷ್ಟು ವಯಸ್ಸಾಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಬೇರೆ,
ತೋಳು ಬಿಟ್ಟುಕೊಂಡು ಸೈಕಲ್ಲಂತೆ!

ಕೆಂಚಾರ್ಲಹಳ್ಳಿಯ ಗಂಗುಲಪ್ಪನ ಕೃಷಿಹೊಂಡ,
ಟೊಮೆಟೊಗೆಂದು ತುಂಬಿಸಿದ ನೀರು,
ಕರಿಯ ಪ್ಲಾಸ್ಟಿಕ್ಕಿನ ತಳ.
ಮೂವತ್ತು ಮೀಟರು. ನೂರ ಇಪ್ಪತ್ತೇಳು ಸಲ.
ಹಗ್ಗ ಹಿಡಿದು ಮೇಲೆ ಬಂದರೆ
ಮೀನು ಎಷ್ಟು ಸಿಕ್ಕವೆಂದು ತೆಲುಗಿನಲ್ಲಿ ಕೇಳುತ್ತಾನೆ.
ಆಚೆ ಬದುವಿನಲ್ಲಿ ಅವನ ದಾಳಿಂಬೆ,
ಒಂದೊಂದು ಹಣ್ಣಿಗೂ ಬಿಳಿ ಬಟ್ಟೆ.
ಯಾಕೆ ಅಂದೆ.
"ಬಿಸಿಲಿಗೆ ಸುಟ್ರೆ ಮಂಡೀಲಿ ಯಾರ್ ತಗೊಂತಾರೆ?"

ಹಣ್ಣಿಗೆ ಯಾರೂ ಮರ್ಯಾದೆಯ ಮಾತಾಡಲಿಲ್ಲ.

ಆದರೂ ತೀರ್ಮಾನವಾದದ್ದು ಅಲ್ಲಲ್ಲ,
ರಕ್ತಪರೀಕ್ಷೆಯ ನನ್ನ ಮುರುಕು ಸ್ಟೂಲಿನ ಮೇಲೆ.
ದಿನಕ್ಕೆ ಅರುವತ್ತು ಜನರಿಗೆ ಹೇಳುತ್ತೇನೆ:
ತೋಳು ಮೇಲೆತ್ತಿ, ಮುಷ್ಟಿ ಬಿಗಿ ಹಿಡಿಯಿರಿ.
ಲಾರಿಗೆ ಕ್ರೇಟು ತುಂಬುವ ಮುದುಕನೊಬ್ಬ
ಅಂಗಿ ಸರಿಸಿದ;
ಅಂಚಿನವರೆಗೆ ಸುಟ್ಟ ಇಟ್ಟಿಗೆ,
ಅಂಚಿನಾಚೆ ಹಸುಳೆಯ ಚರ್ಮ.
ಅರುವತ್ತೈದು ವರ್ಷ ಒಂದು ಅಗ್ಗದ ಅಂಗಿ
ಅಷ್ಟನ್ನು ಕಾಪಾಡಿತ್ತು.
ನರ ಸಿಗಲು ತಡವಾಯಿತು, ನಾನು ಸರಿಯಾಗಿ ನೋಡುತ್ತಿರಲಿಲ್ಲ.

ಇಡಿ ಸಾಬರೇ, ಮೊಣಕೈಗಿಂತ ನಾಲ್ಕು ಬೆರಳು ಮೇಲಕ್ಕೆ.
ಕಂಕುಳಲ್ಲಿ ಹೊಲಿಗೆ ಬರಬಾರದು,
ನೀರು ಒಳಗೆ ನುಗ್ಗಿ ಚೀಲವಾಗಬಾರದು,
ಬೆನ್ನಿಗೆ ಎರಡು ಜೇಬು, ಕಡಲೆಮಿಠಾಯಿಗೆ.

ಮೊದಲ ಸಲ ತೊಟ್ಟು ಹೊರಟ ದಿನ
ನಾಗವೇಣಮ್ಮ ರಂಗೋಲಿಯಿಂದ ತಲೆಯೆತ್ತಿ
ಮೈ ತುಂಬ ನೋಡಿದರು.
"ಈಗ ನೋಡು, ಲಕ್ಷಣವಾಗಿದೆ. ಯಾರೋ ಬುದ್ಧಿ ಹೇಳಿದ್ರಾ?"
ಗಾಳಿ ಸೀಳುವ ಲೆಕ್ಕ ಹೇಳಬಹುದಿತ್ತು,
ತೋಳಿದ್ದರೆ ಉಳಿಯುವ ನಿಮಿಷಗಳ ಲೆಕ್ಕ.
ಬಿಸಿಲಿಗೆ ಹೆದರಿದೆ, ನಿಮಗಲ್ಲ, ಅನ್ನಬಹುದಿತ್ತು.
ಬೂಟು ಪೆಡಲಿಗೆ ಕಚ್ಚಿತು, ಟಕ್.
ಅದನ್ನೇ ಉತ್ತರ ಅಂದುಕೊಂಡರೋ ಏನೋ.

ತೊಂಬತ್ತನೆಯ ಸುತ್ತಿಗೆ ಎಡಗಂಕುಳು ಉಜ್ಜಿತು.
ವ್ಯಾಸಲೀನು ಸಾಲಲಿಲ್ಲ.
ಮತ್ತೆ ಚೇಳೂರು ರಸ್ತೆ, ಮತ್ತೆ ಸೀಮೆಸುಣ್ಣದ ಗುರುತು.
ಸಾಬರು ಹೊಲಿಗೆ ಬಿಚ್ಚಿ, ಕನ್ನಡಕ ಹಣೆಗೇರಿಸಿ,
"ಬಲದ ಕೈಗಿಂತ ಎಡದ್ದು ದಪ್ಪ ಕಣಮ್ಮ ನಿಂದು,
ಯಾರೂ ಹೇಳಿಲ್ವಾ?" ಅಂದರು.
ಇಲ್ಲ. ಇಷ್ಟು ಹತ್ತಿರದಿಂದ
ಯಾರೂ ಅಳೆದಿರಲಿಲ್ಲ.

ಚೀಟಿಯಲ್ಲಿ ಬರೆದರು, ಓರೆ ಅಕ್ಷರ:
ತೋಳು ಎರಡು, ಮುನ್ನೂರು ರೂಪಾಯಿ.
ರಿಪೇರಿ ಎಡದ್ದು, ಬಿಟ್ಟಿ.