ಗರ್ ಎಂದ ಜಾಗದಲ್ಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಗಾರನಲ್ಲ.
ಪಿಯಾನೋ ಶ್ರುತಿ ಮಾಡುವವನು.
ಮಾಂಟ್ರಿಯಲ್ ಊರಿನ ಹನ್ನೊಂದು ಬಾರು, ಎರಡು ಇಗರ್ಜಿ,
ಒಂದು ಕಿವುಡು ಮಕ್ಕಳ ಶಾಲೆ.
ಹೌದು, ಅಲ್ಲೂ ಒಂದಿದೆ, ಮಕ್ಕಳು ಅದರ ಹೊಟ್ಟೆಗೆ
ಕೆನ್ನೆ ಒತ್ತಿ ಕೂರುತ್ತಾರೆ.

ತಿವಾದರ್ ರಾತ್ಸ್ ನುಡಿಸುತ್ತಿದ್ದ ವಾದ್ಯ
ಇಪ್ಪತ್ತೆರಡು ವರ್ಷ ನನ್ನ ಕೈಯಲ್ಲಿತ್ತು.
ಮಲಗಲು ಬಾಡಿಗೆಯದೊಂದು ಕೋಣೆ,
ಓಡಾಡಲು ಎಂಬತ್ತೆಂಟು ಮನೆ, ಕರಿಯವು, ಬಿಳಿಯವು.
ಯಾವ ಮನೆಗೆ ಹೆಚ್ಚು ಹೋಗುತ್ತಿದ್ದ, ಯಾವುದರ ಮುಂದೆ
ಸುಮ್ಮನೆ ನಿಂತು ಬರುತ್ತಿದ್ದ,
ಸವೆದದ್ದು ನೋಡಿ ಹೇಳಬಲ್ಲೆ.

ಗ್ಯೋರ್ ಪಟ್ಟಣದ ರೈಲುಬೋಗಿ ಕಾರ್ಖಾನೆಯ ಹಿಂದೆ
ಚಿಕ್ಕಪ್ಪನ ರೇಡಿಯೋಗೆ ಕಂಬಳಿ ಹೊದಿಸಿ
ಒಳಗೆ ತಲೆ ತೂರಿಸಿ ಜಾಝ್ ಕಲಿತವನು.
ಹಾಡು ಎರಡು ಹೆಜ್ಜೆ ಇಡುವಷ್ಟರಲ್ಲಿ
ಸರ್ಕಾರ ಗರ್ ಎನ್ನುತ್ತಿತ್ತು.
ಮುಳುಗಿದ್ದು ಮತ್ತೆಲ್ಲೋ ತಲೆ ಎತ್ತುತ್ತಿತ್ತು, ತಲೆಗೂದಲು ಒದ್ದೆ.
ನಡುವೆ ಏನಾಯಿತೆಂದು ಯಾರನ್ನು ಕೇಳುವುದು?
ಬೆಳಗ್ಗೆ ಶಾಲೆಯ ಪಿಯಾನೋ ಮುಂದೆ
ಆ ಗುಂಡಿಗಳನ್ನು ತಾನೇ ಮುಚ್ಚಿದ, ಸಿಕ್ಕಿದ್ದು ಹಾಕಿ:
ಅಜ್ಜಿಯ ಅರ್ಧ ಜೋಗುಳ, ಕವಾಯತಿನ ಬೂಟು,
ಬೋಗಿ ಜೋಡಿಸುವ ಸುತ್ತಿಗೆ.

ಐವತ್ತಾರರ ನವೆಂಬರು. ಜೊಂಡು, ಕೆಸರು, ಆಚೆ ಆಸ್ಟ್ರಿಯಾ.
ಹೇಗೆ ದಾಟಿದೆ ಎಂದರೆ, ಜೇಬಲ್ಲಿ ಕೈಯಿಟ್ಟುಕೊಂಡು, ಎನ್ನುತ್ತಿದ್ದ.
ಮೂರು ಸಲ ಮುಖ ಅಡಿಯಾಗಿ ಬಿದ್ದನಂತೆ.
ಬೆರಳು ಮರಗಟ್ಟಿದರೆ ದಾಟಿ ಏನು ಸುಡುವುದು?

ಇಲ್ಲಿ ಹೋಟೆಲಿನ ಹಾಸಿಗೆ ಬಟ್ಟೆ ಒಗೆದ.
ಪೋಸ್ಟರಿನ ಮೇಲೆ ಟೆಡ್ಡಿ ರಾಸ್ ಎಂದು ಬರೆದರು,
ಆ ಟೆಡ್ಡಿಗೆ ಬಂದ ಚಪ್ಪಾಳೆ ಇವನು ತೆಗೆದುಕೊಂಡ.
ಸ್ಟೇಷನ್ನಿನ ಕೆಳಗಿನ ಬೀದಿ, ಕರಿಯರ ಕ್ಲಬ್ಬು.
ಮೊದಲ ರಾತ್ರಿ ಬಾಸ್ ನುಡಿಸುವ ಲೂಶಿಯಸ್ ಟಿಂಡೇಲ್,
ರೈಲಿನಲ್ಲಿ ಪೆಟ್ಟಿಗೆ ಹೊರುವವನ ಮಗ, ನಡುವೆ ಕೈ ನಿಲ್ಲಿಸಿದ.
"ಅಲ್ಲಿ ಹಾಗಿಲ್ಲ ಕಣಯ್ಯ."
"ಮತ್ತೆ ಹೇಗಿದೆ? ನಮ್ಮೂರಲ್ಲಿ ಅಲ್ಲಿ ಗರ್ ಎಂದಿತ್ತು."
ಮರುದಿನ ಲೂಶಿಯಸ್ ತಟ್ಟೆ ತಂದು ಹಾಕಿದ.
ಪೂರ್ತಿ ಕೇಳಿ ತಿವಾದರ್ ತಲೆ ಕೆರೆದ:
ಚೆನ್ನಾಗಿದೆ, ಆದರೆ ಅಲ್ಲೇನೂ ನಡೆಯುವುದಿಲ್ಲವಲ್ಲ.
ಬಹಳ ಹೊತ್ತು ಸೇದಿ ಲೂಶಿಯಸ್ ಹೇಳಿದ,
"ನಿನ್ನದನ್ನೇ ಹಿಡಿ. ನಾನು ಕೆಳಗಿರುತ್ತೇನೆ."

ಇದ್ದ, ಮೂವತ್ತೊಂದು ವರ್ಷ.

ಉಳಿದದ್ದು ಎಲ್ಲರಿಗೂ ಆಗುವಂಥದ್ದು.
ಒಂದು ರೆಕಾರ್ಡು, ಮುನ್ನೂರು ಪ್ರತಿ,
ಇನ್ನೂರನ್ನು ನೆಲಮಾಳಿಗೆಯ ಒಡೆದ ಕೊಳವೆ ಕೇಳಿತು.
ಮದುವೆಯಾದ. ಬಿಟ್ಟನೋ ಬಿಡಿಸಿಕೊಂಡನೋ
ಅವನ ಎಡಗೈ ಬಲಗೈಗೆ ಹೇಳಲಿಲ್ಲ.
ಗಿಟಾರಿನ ಹುಡುಗರು ಬಂದರು, ಹೆದ್ದಾರಿ ಬಂತು,
ಬೀದಿಯ ಅರ್ಧ ಹೋಯಿತು.
ಹತ್ತು ಡಿಸೆಂಬರು ಬಟ್ಟೆಯಂಗಡಿಯ ಮೂರನೇ ಮಹಡಿಯಲ್ಲಿ
ಟೋಪಿಗಳ ನಡುವೆ ಕ್ರಿಸ್ಮಸ್ ನುಡಿಸಿದ.

ಕೊನೆಗೆ ಕೈ ನಡುಗತೊಡಗಿತು, ಸ್ವರ ಉದುರಿದವು.
ಪತ್ರಿಕೆಯವನು ಬರೆದ: ರಾಸ್ ಈಗ ಮೌನದ ಮೇಷ್ಟ್ರು.
ಅದನ್ನು ನನಗೆ ಓದಿಸಿ ಕೆಮ್ಮು ಬರುವಷ್ಟು ನಕ್ಕ.
"ಈಗ ಸರ್ಕಾರ ಬೇಡ, ನಾನೇ ಗರ್."

ಅವನು ಹೋದ ಮೂರನೇ ವಾರ ಬೆಳಗ್ಗೆ ಬಾರಿಗೆ ಹೋದೆ.
ಕುರ್ಚಿಗಳು ಮೇಜಿನ ಮೇಲೆ ಕಾಲೆತ್ತಿ ಮಲಗಿದ್ದವು.
ಪಾತ್ರೆ ತೊಳೆಯುವ ಮಿರ್ಲಾಂಡ್, ಹೈಟಿಯ ಹುಡುಗಿ,
ಏಪ್ರನ್ನಿಗೆ ಕೈ ಒರೆಸಿ ಅವನ ಹಾಡು ಹಿಡಿದಳು.
ಅಡಿಗೆಮನೆಯ ಬಾಗಿಲು ತೆರೆದಾಗ ಕೇಳಿದಷ್ಟು.
ಮುಚ್ಚಿಕೊಂಡಾಗ, ತೊಳೆಯುವ ಯಂತ್ರ ಗುಡುಗಿದಾಗ
ಕೇಳದ್ದು ಬಂತು. ಅಲ್ಲಿ ಅವಳು ತನ್ನದನ್ನು ಹಾಕಿದಳು.

ಅಲ್ಲಿ ಹಾಗಿಲ್ಲಮ್ಮ,
ಎನ್ನಲು ಬಾಯಿ ತೆರೆದೆ.

ಸಲಕರಣೆಯ ಚೀಲ ಕೆಳಗಿಟ್ಟು
ಒಂದು ಕುರ್ಚಿ ಇಳಿಸಿಕೊಂಡೆ.