ಐದು ದಿನದ ಚೀಟಿ

ಬೆಳಗಾವಿಯ ಉದ್ಯಮಬಾಗದಲ್ಲಿ
ನನ್ನ ಔಷಧದ ಅಂಗಡಿ.
ಫೌಂಡ್ರಿಯ ಭರಮಣ್ಣ ಬರುತ್ತಾನೆ,
ಹುಬ್ಬಿನಲ್ಲಿ ಇನ್ನೂ ಕರಿ ಮರಳು.

ಮಡಿಕೆಯಲ್ಲಿ ಹರಿದ ಅದೇ ಚೀಟಿ.
ತಾರೀಖಿನ ಮೂರು ಎಂಟಾಗಿದೆ,
ಬೇರೆ ಬಣ್ಣದ ಶಾಯಿ.

'ನಡಾ ಹೆಂಗೈತಿ?'
'ನಡಾ ಎಂದೋ ಆರಾಮ ಆತ್ರೀ ಅಕ್ಕಾರ.
ಗುಳಿಗಿ ಇಲ್ಲಂದ್ರ
ಮೈಯಾಗ ಯಾರೋ ಕುಂತು ಬಾಗಲಾ ಬಡೀತಾರ.
ಮೂಗು ಸೋರತೈತಿ, ಕಾಲು ನಿದ್ದಿ ಮಾಡಂಗಿಲ್ಲ,
ಮಗಳು ಕರದ್ರ ಸಿಟ್ಟು.'

ಮೊದಲ ದಿನ ಎಣಿಸಿ ಕೊಟ್ಟವಳು ನಾನೇ:
ಹತ್ತು ಗುಳಿಗೆ, 'ಊಟ ಆದಮ್ಯಾಲ.'
ಆಮೇಲೆ ಚೀಟಿ ನೋಡದೆಯೂ ಕೊಟ್ಟೆ, ಎರಡು ಸಲ.
ಇಲ್ಲ, ನಾಲ್ಕು.

ಇಂದು ಶಟರ್ ಅರ್ಧಕ್ಕೆ ಇಳಿಸಿ
ಹೊರಗೆ ಬಂದೆ.
'ನಡೀರಿ, ಡಾಕ್ಟರ ಕಡೆ ನಾನೂ ಬರತೇನಿ.'
ಅವನು ನನ್ನ ಮುಖ ನೋಡಲಿಲ್ಲ,
ನನ್ನ ಹಿಂದಿನ ಕಪಾಟನ್ನು ನೋಡಿದ.