ಕಾಲು ಇಂಚು

ಮೊದಲು ಗೊತ್ತಾದದ್ದು ಎಣ್ಣೀ ಬಾಟ್ಲಿಗೆ.

ಎಳ್ಳಮಾಸಿಯಿಂದ ಈಚೀಗೆ ದಿನಾ ನಸುಕಿನಾಗ
ಒಲಿ ಬಾಜೂಕ ಇಟ್ಟು, ಅಂಗೈಯಾಗ ತಿಕ್ಕಿ,
ಕಡ್ಡಿ ಹಾಕಿ ಕೆದರಿ ತೆಗೀಬೇಕಿತ್ತು ಕೊಬ್ಬರೆಣ್ಣಿ;
ಮಗಳು ಶಾಲಿಗೆ ಹೊತ್ತಾತು ಅಂತ
ಬಿಚ್ಚಿದ ಜಡಿ ಹಿಡಕೊಂಡು ಕುಣೀತಿದ್ಳು.
ಇವತ್ತು ಮುಚ್ಚಳ ತಗದು ಬಾಗಿಸಿದ್ದೇ ತಡ
ಸೊರ್ ಅಂತ ಮುಂಗೈ ತನಕ ಹರೀತು.
ಹೆರಳ ಹಾಕೋದು ಬಿಟ್ಟು ಬಾಟ್ಲಿ ಬೆಳಕಿಗೆ ಹಿಡದೆ:
ತಳದಾಗ ಇನ್ನೂ ಒಂದು ಬಿಳೀ ಚಿಕ್ಕಿ,
ಕರಗಲೋ ಬ್ಯಾಡೋ ಅಂತ ಕುಂತದ.

ಅತ್ತಿ ಝರೆಮ್ಮ ಒಪ್ಪಲ್ಲ.
"ಶಿವರಾತ್ರಿ ಆಗ್ಲಿ, ಥಂಡಿ ಶಿವ ಶಿವಾ ಅಂದು ಹೋಗ್ಲಿ,
ಆಮ್ಯಾಲ ಹೇಳು" ಅಂತಾಳ.
ಅಂತಾಳ ಖರೆ, ಕೌದಿ ಮಾತ್ರ
ನಡುರಾತ್ರಿ ಕಾಲಿಲೆ ಒದ್ದು ಒಗದಿದ್ದಳು.
ನಾ ಎದ್ದು ಹೊಚ್ಚಲಿಲ್ಲ.

ಹೊಲಿಗಿ ಮಷೀನ ಕಿಡಕಿ ಬಾಜೂಕ ಅದ.
ಅಲ್ಲಿಂದ ಒಂದು ಗಲ್ಲಿ, ಅರ್ಧ ಬೇವಿನ ಗಿಡ,
ಬೀದರ ಕಿಲ್ಲೆದ ಗ್ವಾಡಿ ಒಂದು ಗೇಣು ಕಾಣ್ತದ.
ಬೇವು ಹಳದಿ ಆಗಿ ಉದುರ್ಲಾಕತ್ತಿ ಎಂಟು ದಿನ ಆತು.
ತಹಸೀನ್ ಆಪಾ ದಿನಾ ಎರಡು ಸಲ ಕಸ ಹೊಡದು
ಗಿಡಕ್ಕ ಬೈದು, ಗಿಡ ಹಚ್ಚಿದ ಮಾವಗ ಬೈದು
ಪೊರಕಿ ಮೂಲ್ಯಾಗ ಆನಿಸ್ತಾರ.
ಇವತ್ತು ಪೊರಕಿ ಹಿಡಕೊಂಡೇ ನಿಂತು
ಮ್ಯಾಲ ನೋಡ್ಲಾಕತ್ತಿದ್ರು.
ಟೊಂಗಿ ತುದಿಗೆ ತಾಮ್ರದ ಬಣ್ಣ.
"ದೇಖೋ" ಅಂದರು. ಅಷ್ಟೇ.
ಆಮ್ಯಾಲ ಮತ್ತ ಬೈಲಾಕ ಸುರು ಮಾಡಿದರು.

ಏನು ಬದಲಾಗ್ಯದ ಅಂತ ಕೇಳಿದರ ದೊಡ್ಡದೇನೂ ಇಲ್ಲ.
ಬಿಸಲಾಗ ಮಲಗೋ ಕರೀ ನಾಯಿ
ಮೋಟರಸೈಕಲ್ ನೆಳ್ಳಿಗಿ ಸರಕೊಂಡದ.
ಗಡಿಯಾರದ ಹಿಂದಿನ ಹಲ್ಲಿ ಹೊರಗ ಬಂದು
ಮೂರು ಗಂಟೆ ಮ್ಯಾಲ ಬಾಲ ಇಟ್ಟದ.
ಶಹಾಬಾದ ಕಲ್ಲು ಅಂಗಾಲು ಕಚ್ಚವಲ್ದು.
ಗಾಡಿ ಒಂದೇ ಕಿಕ್ಕಿಗೆ ಚಾಲೂ ಆತು ಅಂತ ನಮ್ಮವರು ಖುಷ್,
ಪ್ಲಗ್ ಬದಲಿಸಿದ್ದಕ್ಕ ಅಂತಾರ.
ಇರಲಿ.

ಹಿತ್ತಲದಾಗ ಡಾಲ್ಡಾ ಡಬ್ಬ್ಯಾಗ ಒಂದು ದಾಳಿಂಬ್ರಿ ಅದ.
ಇತ್ತು ಅನ್ನಬೇಕು.
ದೀಪಾವಳಿಗಿ ಹುಮನಾಬಾದದಿಂದ ಅಕ್ಕ ಕೊಟ್ಟಿದ್ಳು.
ಕೆಂಪು ಮಣ್ಣು ತುಂಬಿ, ಮಾತಾಡಿಸಿ ನೀರು ಹಾಕಿದರೂ
ಒಂದೊಂದೇ ಎಲಿ ಇಳಿಸಿ ಒಣಗಿ ನಿಂತಿತ್ತು.
ಕಿತ್ತಿ ಒಗೀಲಾಕ ಮನಸ ಬರಲಿಲ್ಲ,
ಪುರಸತ್ತೂ ಆಗಲಿಲ್ಲ, ಲಗ್ನದ ಸೀಜನ್.
ಸುಮ್ಮ ಯಾಕ ನಿಲ್ಲಬೇಕಂತ ಕೆಲಸಕ್ಕ ಹಚ್ಚಿದ್ದೆ:
ತೊಳದ ಅಸ್ತರ್ ಒಣಹಾಕೋದು, ಟೇಪ್ ತೂಗಹಾಕೋದು,
ಒಮ್ಮೆ ಮಗಳ ಒಂಟಿ ಕಾಲ್ಚೀಲ.

ಇವತ್ತು ಒಂದು ಅಸ್ತರ್ ಎಳದರ ಬರವಲ್ದು.
ಜಗ್ಗಿದೆ. ಜಗ್ಗೋದು ಬಿಟ್ಟು ಬಗ್ಗಿ ನೋಡಿದೆ.
ನೂಲಿನ ಎಳಿಯೊಂದು ಹಿಡಕೊಂಡು ಕುಂತಿತ್ತು ಒಂದು ಮೊಳಕಿ,
ಸೂಜಿ ಮೊನಿಯಷ್ಟು ಕೆಂಪು, ಬುಡದಾಗ ಹಸರು,
ಬೆರಳಿಗೆ ಅದನೋ ಇಲ್ಲೋ ಅನ್ನುವಷ್ಟು ಮೆತ್ತಗ.

ಯಾರನ್ನೂ ಕರೀಲಿಲ್ಲ.
ಕರದರ ಅತ್ತಿ "ನಾ ಹೇಳಿರ್ಲಿಲ್ಲೇನ" ಅಂತಾಳ,
ಆಕಿ ಏನೂ ಹೇಳಿರಲಿಲ್ಲ.
ಮಗಳು ಮುಟ್ಟತಾಳ.
ಕತ್ರಿ ತಂದು ಎಳಿ ಕತ್ತರಿಸಿದೆ.
ಗಿರಾಕಿ ಅಸ್ತರ್, ಒಂದೆಳಿ ಹೋದ್ರ ಹೋತು.
ಕೊರಳಾಗಿನ ಟೇಪ್ ತಗದು ಹಿಡದೆ.

ಅಳತಿ ಪುಸ್ತಕದಾಗ
ಸುವರ್ಣಾ ಟೀಚರ್, ತೋಳು ಹತ್ತೂವರಿ;
ಖೇಣಿ ಮಾನಂದಾನ ಮಗಳು, ಸೊಂಟ ಇಪ್ಪತ್ತೆಂಟು,
ಹಿಂದ ನಾಡಿ ಬೇಕು, ಗೊಂಡೆ ಬ್ಯಾಡ;
ಅದರ ಕೆಳಗ ಬರದೆ:
ದಾಳಿಂಬ್ರಿ, ಕಾಲು ಇಂಚು.

ಡೆಲಿವರಿ ತಾರೀಖಿನ ಖಾನೆ ಮ್ಯಾಲ ಪೆನ್ನು ಹಿಡದು
ಸ್ವಲ್ಪ ಹೊತ್ತು ಕುಂತೆ.
ಹೊರಗ ತಹಸೀನ್ ಆಪಾ
ಮೂರನೇ ಸಲ ಕಸ ಹೊಡೀಲಾಕತ್ತಿದ್ರು.